ಕೂಸಿನ ಅಳತೆಯ ಹಲಗೆ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಏಣಿಯ ಮೇಲಿದ್ದೆ. ತಿಕೋಟಾದ ಒಣದ್ರಾಕ್ಷಿ ಅಂಗಡಿಯೊಂದರ ಗೋಡೆಗೆ ಹೆಸರು ಬರೆಯುತ್ತಿದ್ದೆ. ಅಕ್ಷರಗಳ ಮೈ ತುಂಬಿಸಿ ಆಗಿತ್ತು, ನೆರಳು ಕೊಡುವುದೊಂದು ಉಳಿದಿತ್ತು. ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ವಿಜಯಪುರದಿಂದ ಅಳಿಯ.

"ಮಾವಾರ, ಹೆಣ್ಣು ಕೂಸು! ತಾಯಿ ಮಗಳು ಇಬ್ರೂ ಆರಾಮ ಅದಾರ."

ಏಣಿಯ ಮೇಲೆ ನಿಂತವನಿಗೆ ಎಷ್ಟೇ ಸಂತೋಷವಾದರೂ ಒಂದು ಕೈ ಏಣಿಯ ಮೇಲೆ ಇರಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ನಾನು ಎರಡೂ ಕೈ ಎತ್ತಿದೆ. ಒಂದರಲ್ಲಿ ಫೋನು, ಇನ್ನೊಂದರಲ್ಲಿ ಬ್ರಷ್ಷು. "ಯೇಸುವೇ!" ಎಂದು ಕೂಗಿದ್ದು ನೆನಪಿದೆ, ನೆಲ ಮುಟ್ಟಿದ್ದು ನೆನಪಿಲ್ಲ. ಅಂಗಡಿಯವನು ಓಡಿ ಬಂದು ನೋಡಿದರೆ ನಾನು ಬಿದ್ದಲ್ಲೇ ನಗುತ್ತಿದ್ದೆನಂತೆ. "ತಲಿಗಿ ಪೆಟ್ಟ ಬಿದ್ದೈತಿ, ನಗಾಕತ್ತಾನ, ಲಗೂ ಬರ್ರೋ!" ಎಂದು ಅವನು ಬೀದಿಗೆ ಕೇಳುವಂತೆ ಒದರಿದ. ತಲೆಗೆ ಏನೂ ಆಗಿರಲಿಲ್ಲ. ಮುರಿದದ್ದು ಎಡಗಾಲು.

ಅವತ್ತಿನ ಆ ನಗು ಇನ್ನೂ ನಿಂತಿಲ್ಲ ಅಂತಲೇ ಹೇಳಬೇಕು. ಆದರೆ ನಗುವವನನ್ನು ತಂದು ಕೂಡಿಹಾಕಿದ್ದು ಎಂಥ ಜಾಗದಲ್ಲಿ ಅನ್ನುವುದನ್ನು ಬರೆಯದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ.

ಮಗಳಿಗೆ ಸಿಜೇರಿಯನ್ ಆಗಿತ್ತು. ಆಸ್ಪತ್ರೆ ಹತ್ತಿರವಿರಲಿ ಎಂದು ಡಾಕ್ಟರು ಹೇಳಿದ್ದರು. ಪದ್ಧತಿಯಂತೆ ಅವಳು ಬಾಣಂತನಕ್ಕೆ ತಿಕೋಟಾಕ್ಕೆ, ನಮ್ಮ ಮನೆಗೆ ಬರಬೇಕಿತ್ತು. ಅದು ಆಗಲಿಲ್ಲ, ತವರುಮನೆಯೇ ಗಂಟು ಕಟ್ಟಿಕೊಂಡು ವಿಜಯಪುರದ ಜಲನಗರದಲ್ಲಿದ್ದ ಮಗಳ ಮನೆಗೆ ಹೋಯಿತು. ಮಹಡಿಯ ಮೇಲಿನ ಬಾಡಿಗೆ ಮನೆ, ಎರಡು ಕೋಣೆ. ಅಳಿಯ ಮತ್ತು ಆಟೋದವನು ಸೇರಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲು ಮೆಟ್ಟಿಲಿಗೂ ಉಸಿರು ಬಿಡುತ್ತ ಮೇಲೆ ಹೊತ್ತೊಯ್ದರು. ಹತ್ತಿದ್ದಾಯಿತು. ಇಳಿಯುವುದು ಹೇಗೆಂದು ಯಾರೂ ಯೋಚಿಸಿರಲಿಲ್ಲ.

ಒಂದು ಕೋಣೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಬಾಣಂತಿ. ಇನ್ನೊಂದರಲ್ಲಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾನು. ನಡುವೆ ಬಾಗಿಲಿಗೆ ಕಟ್ಟಿದ ಸೀರೆಯ ಪರದೆ. ಕೂಸಿಗೆ ಗಾಳಿ ತಾಗಬಾರದೆಂದು ಕಿಟಕಿಗಳು ಮುಚ್ಚಿದ್ದವು. ಬೆಳಿಗ್ಗೆ ಸಂಜೆ ಕೆಂಡಕ್ಕೆ ಲೋಬಾನ ಹಾಕಿದರೆ ಆ ಹೊಗೆಗೂ ಹೋಗಲು ದಾರಿಯಿರಲಿಲ್ಲ, ನಮ್ಮ ಜೊತೆಗೇ ಕೂತಿರುತ್ತಿತ್ತು. ಬಯಲಲ್ಲಿ, ಬಿಸಿಲಲ್ಲಿ, ಎತ್ತರದಲ್ಲಿ ನಿಂತು ಬದುಕಿದ ಮನುಷ್ಯ ನಾನು. ಈಗ ಛತ್ತಿನ ಫ್ಯಾನು ತಿರುಗುವುದನ್ನು ನೋಡುತ್ತ ಮಲಗಿದ್ದೆ. ಕೂಸು ಪರದೆಯ ಆಚೆ ಅಳುತ್ತಿತ್ತು. ಎದ್ದು ಹೋಗಿ ಎತ್ತಿಕೊಳ್ಳಬೇಕೆಂದು ಮೈಯೆಲ್ಲ ತುಡಿಯುತ್ತಿತ್ತು, ಕಾಲು ಕಲ್ಲಿನಂತೆ ಬಿದ್ದಿತ್ತು.

ನನ್ನಾಕೆ ಎರಡೂ ಕೋಣೆಗೆ ಓಡಾಡಿ ಸುಸ್ತಾಗಿದ್ದಳು. ಯಾರಾದರೂ ಕೂಸನ್ನು ನೋಡಲು ಬಂದರೆ ಸಾಕು, "ಇಬ್ರು ಬಾಣಂತ್ಯಾರು ನನ್ನ ಕೊಳ್ಳಿಗಿ ಬಿದ್ದಾರ ನೋಡ್ರಿ. ಆಕಿ ಕೂಸು ಹಡದಾಳ, ಇಂವ ಕಾಲು ಮುರಕೊಂಡಾನ. ಹಡದಾಕಿದ ಗದ್ಲ ಕಡಿಮಿ" ಎನ್ನುತ್ತಿದ್ದಳು.

ಗದ್ದಲಕ್ಕೆ ಕಾರಣ ಒಂದು ಹಲಗೆ. ಅದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಓದುವುದಕ್ಕಿಂತ ಬರೆಯುವುದರಲ್ಲೇ ಹೊಟ್ಟೆ ಹೊರೆದವನು. ಅಂಗಡಿ, ಟ್ರ್ಯಾಕ್ಟರ್, ನೀರಿನ ಟಾಕಿ, ಸಾಲಿಯ ಗೋಡೆ, ಎಲ್ಲದರ ಮೇಲೂ ನನ್ನ ಅಕ್ಷರಗಳಿವೆ. ಕೆಲವು ವರ್ಷಗಳ ಹಿಂದೆ ಬಬಲೇಶ್ವರದಲ್ಲಿ ಒಬ್ಬ ವಯಸ್ಸಾದ ಸಿಸ್ಟರ್, ಕ್ರೈಸ್ತ ಸನ್ಯಾಸಿನಿ, ಹೊಲಿಗೆ ಕಲಿಸುತ್ತಿದ್ದರು. ಅವರ ಮನೆಗೆ ಬೋರ್ಡು ಬರೆಯಲು ಹೋದೆ. ಒಳಗೆ ಕಿಟಕಿಯ ಕೆಳಗೆ ಅವರು ಹಲಗೆಯೊಂದರ ಮೇಲೆ ಮಾತೆ ಮರಿಯಮ್ಮನ ಮುಖ ಬರೆಯುತ್ತಿದ್ದರು. ನಾವು ಹುಟ್ಟಾ ಕ್ರೈಸ್ತರು, ಮರಿಯಮ್ಮನ ಚಿತ್ರ ನನಗೆ ಹೊಸದಲ್ಲ. ಆದರೆ ಆ ಮುಖ ನಸುಗಪ್ಪು ಹಸಿರಿನಲ್ಲಿತ್ತು, ಮಣ್ಣಿನ ಒಳಗಿಂದ ಆಗಷ್ಟೇ ಎದ್ದು ಬರುತ್ತಿರುವಂತೆ.

"ಸಿಸ್ಟರ್, ಇಷ್ಟ್ಯಾಕ್ರಿ ಕಪ್ಪ?" ಎಂದೆ.

"ಮೊದಲು ಕತ್ತಲೆ. ಆಮೇಲೆ ತೆಳ್ಳಗೆ ತೆಳ್ಳಗೆ ಬೆಳಕು" ಎಂದರು.

ನಮ್ಮ ಕಸುಬಿನಲ್ಲಿ ಇದು ಉಲ್ಟಾ. ಮೊದಲು ಢಾಳಾದ ಬಣ್ಣ, ಕೊನೆಗೆ ನೆರಳು. ಅದನ್ನೇ ಅಂದೆ. ಅವರು ನಕ್ಕು, "ಅಂಗಡಿಯ ಬೋರ್ಡನ್ನು ನಾವು ನೋಡುತ್ತೇವೆ. ಇದು ನಮ್ಮನ್ನು ನೋಡಬೇಕು, ಅದಕ್ಕೆ ಹೀಗೆ" ಎಂದರು. ನಾನು ಬೋರ್ಡು ಮುಗಿಸಿಯೂ ಮತ್ತೆ ಮತ್ತೆ ಹೋದೆ. ಅವರು ಕಲಿಸಿದರು.

ಅವರು ಅದಕ್ಕೆ ಐಕಾನ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದರ ಹೆಸರು ದೇವರ ಹಲಗೆ. ಅದನ್ನು ಬರೆಯುವುದು ಒಂದು ಪ್ರಾರ್ಥನೆ, ಬಾಯಿಯ ಬದಲು ಕೈಯಿಂದ ಮಾಡುವಂಥದ್ದು. ಮಧ್ಯಾಹ್ನದವರೆಗೆ ಉಪವಾಸ. ಗೀಟು ಎಳೆಯುವಾಗ ಉಸಿರು ಬಿಡುತ್ತ "ಯೇಸುವೇ, ಕರುಣೆ ತೋರು" ಅನ್ನಬೇಕು. ಸ್ವಂತ ಬುದ್ಧಿ ಉಪಯೋಗಿಸಬಾರದು, ಹಿಂದಿನವರು ಹಾಕಿದ ಗೆರೆಯ ಮೇಲೆಯೇ ಹೋಗಬೇಕು. ಹಲಗೆ ಕೈಯಲ್ಲಿರುವಷ್ಟು ದಿನ ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬಾರದು, ಸುಳ್ಳು ಹೇಳಬಾರದು. ಬರೆದವನ ಹೆಸರು ಹಾಕಬಾರದು. ಮೊದಲನೆಯ ಹಲಗೆಯಲ್ಲಿ ನನ್ನ ಕೈ ರೂಢಿಯಂತೆ ತಾನೇ ಹೋಗಿ ಮರಿಯಮ್ಮನ ಪವಿತ್ರ ನಾಮಕ್ಕೆ ಕೆಂಪು ನೆರಳು ಕೊಟ್ಟು, ಕೆಳಗೆ ಮೂಲೆಯಲ್ಲಿ ನನ್ನ ಹೆಸರಿನ ಜೊತೆ 'ಆರ್ಟ್ಸ್' ಎಂದು ಸೇರಿಸಿ ಮೊಬೈಲ್ ನಂಬರನ್ನೂ ಬರೆದುಬಿಟ್ಟಿತ್ತು. ಸಿಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮಾತೆಗೆ ಫೋನ್ ಮಾಡಬೇಕಾದವರು ನಿಮಗೆ ಮಾಡುತ್ತಾರೆ" ಎಂದರು. ಅಳಿಸಲು ಒಂದು ಪೂರ್ತಿ ದಿನ ಹಿಡಿಯಿತು.

ದೂರದ ಯಾವುದೋ ದೇಶದಲ್ಲಿ ಕೂಸು ಹುಟ್ಟಿದಾಗ ಅದರ ಉದ್ದದಷ್ಟೇ ಹಲಗೆ ಕೊಯ್ಸಿ, ಅದರ ಮೇಲೆ ದೇವರನ್ನು ಬರೆದು ಜ್ಞಾನಸ್ನಾನದ ದಿನ ಕೂಸಿನ ಪಕ್ಕ ಇಡುತ್ತಾರಂತೆ. ಅದನ್ನೂ ಸಿಸ್ಟರೇ ಹೇಳಿದ್ದು. ಅವರು ಈಗಿಲ್ಲ. ಆ ಮಾತು ನನ್ನಲ್ಲಿ ಉಳಿದಿತ್ತು. ಮಗಳು ಬಸುರಿ ಎಂದು ತಿಳಿದ ದಿನದಿಂದ ನಾನು ಅದರದೇ ಕನಸು ಕಾಣುತ್ತಿದ್ದೆ.

ಜಲನಗರಕ್ಕೆ ಬಂದ ಮಾರನೆಯ ದಿನ ನನ್ನಾಕೆಗೆ ಒಂದು ದಾರ ಕೊಟ್ಟು, "ಕೂಸಿನ ಅಳತಿ ತಗೊಂಡ ಬಾ" ಎಂದೆ.

"ಕೂಸಿಂದ ಯಾರರ ಅಳತಿ ತಗೀತಾರೇನ್ರಿ? ಬೆಳೆಯಂಗಿಲ್ಲ ಅಂತಾರ! ಅಳತಿ ತಗಿಯೂದು ಸತ್ತವ್ರ ಪೆಟ್ಟಿಗಿ ಮಾಡ್ಸಾಕ" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಪರದೆಯ ಆಚೆಯಿಂದ ಮಗಳು, "ಯವ್ವಾ, ಆಸ್ಪತ್ರ್ಯಾಗ ಹುಟ್ಟಿದ ತಾಸಿನ್ಯಾಗ ಅಳತಿ ತಗದು ಬರದಾರ. ಕೊಡು ಇಲ್ಲಿ" ಎಂದು ದಾರ ಇಸಿದುಕೊಂಡಳು. ಅಳಿಯ ಆ ದಾರ ಒಯ್ದು ಇಬ್ರಾಹಿಂಪುರದ ಬಡಿಗನಿಗೆ ಕೊಟ್ಟ. ಬೇವಿನ ಹಲಗೆ ಬಂತು. ನಾನು ಹೇಳಿ ಕಳಿಸಿದಂತೆ ಬಟ್ಟೆ ಅಂಟಿಸಿ, ಸೀಮೆಸುಣ್ಣದ ಬಿಳಿ ಕೋಟು ಕೊಟ್ಟು, ಕೆನ್ನೆಯಂತೆ ನಯವಾಗಿ ಉಜ್ಜಿ ಕಳಿಸಿದ್ದ. ಪ್ಲಾಸ್ಟರ್ ಕಾಲಿನ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲ್ ಗೆರೆ ಹಾಕಿದೆ. ತಾಯಿ, ತೋಳಲ್ಲಿ ಮಗು, ಕೆನ್ನೆಗೆ ಕೆನ್ನೆ. ಪ್ಲಾಸ್ಟರ್ ತೆಗೆದ ಮೇಲಿನ ಭಾನುವಾರ ಜ್ಞಾನಸ್ನಾನ ಎಂದು ಫಾದರ್ ಹೇಳಿಯೂ ಆಯಿತು. ಇನ್ನು ಬಣ್ಣ ಕಲಸಬೇಕು.

ಬಣ್ಣಕ್ಕೆ ತತ್ತಿ ಬೇಕು.

ಕಾವಿ, ಹಳದಿ ಮಣ್ಣು, ಮಸಿ, ಯಾವ ಪುಡಿಯಾದರೂ ಸರಿ, ಅದನ್ನು ಹಲಗೆಗೆ ಹಿಡಿಸುವುದು ತತ್ತಿಯ ಹಳದಿ ಭಾಗ. ಐಕಾನಿನಲ್ಲಿ ಅದೇ ಪ್ರಾಣ. ಆದರೆ ಈ ಮನೆಯ ಮಾಲಕಿ ಕೆಳಗೇ ಇದ್ದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಬೆಳ್ಳಗಿನ ತಲೆ. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಮನೆ ಕೊಡುವಾಗ ಅಳಿಯನಿಂದ ಒಂದೇ ಮಾತು ತೆಗೆದುಕೊಂಡಿದ್ದರು: ಮಾಂಸ, ಮೀನು, ತತ್ತಿ ಹೊಸ್ತಿಲು ದಾಟಬಾರದು. ಅಳಿಯ ಆ ಮಾತು ಉಳಿಸಿಕೊಂಡಿದ್ದ. ಅಕ್ಕಾರೂ ಇವರನ್ನು ಬೇರೆಯವರೆಂದು ಕಂಡಿರಲಿಲ್ಲ. ಬಾಣಂತಿಗೆ ಅಂಟಿನುಂಡಿ ಕಟ್ಟಿ ಕೊಡುತ್ತಿದ್ದವರು ಅವರೇ, ಕೂಸಿನ ಕಣ್ಣಿಗೆ ಕಾಡಿಗೆ ತೀಡುತ್ತಿದ್ದವರೂ ಅವರೇ.

ಎನಾಮೆಲ್ ಪೇಂಟಿನ ಡಬ್ಬಿ ತೆರೆಯೋಣವೆಂದರೆ ಮುಚ್ಚಿದ ಕೋಣೆಯಲ್ಲಿ ಹಸುಗೂಸು. ಉಂಡಿಗೆ ತಂದಿಟ್ಟಿದ್ದ ಅಂಟಿನಲ್ಲಿ ಒಂದು ಹಿಡಿ ಕದ್ದು ನೀರಲ್ಲಿ ನೆನೆಸಿ, ಅದರಲ್ಲಿ ಬಣ್ಣ ಕಲಸಿ ನೋಡಿದೆ. ಮೊದಲ ಕೋಟು ಚೆನ್ನಾಗಿಯೇ ಕೂತಿತು. ಅದರ ಮೇಲೆ ಬೆಳಕಿನ ಕೋಟು ಕೊಟ್ಟರೆ ಕೆಳಗಿನ ಕತ್ತಲೆ ಕರಗಿ ಎದ್ದು ಬಂತು. ಮರಿಯಮ್ಮನ ಮುಖ ಕೆಸರಾಯಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಕೆಸರು.

"ಅಂಟು ಎಲ್ಲಿ ಹೋತು?" ಎಂದು ನನ್ನಾಕೆ ಡಬ್ಬಿ ಅಲ್ಲಾಡಿಸುತ್ತ ಬಂದಳು. ನನ್ನ ಬೆರಳು ನೋಡಿದಳು. "ಬಾಣಂತಿ ನಡ ಗಟ್ಟಿ ಆಗ್ಲಿ ಅಂತ ತರಿಸಿದ್ದು! ನಿಮ್ಮ ನಡಕ್ಕ ಏನಾಗಿತ್ರಿ?"

ಆಮೇಲೆ ಅವಳೇ ಹತ್ತಿರ ಕೂತು ದನಿ ತಗ್ಗಿಸಿದಳು. "ಇಟ್ಟಂಗಿಹಾಳದಾಕಿ ಜವಾರಿ ತತ್ತಿ ಮಾರಾಕ ಬರ್ತಾಳ. ರವಾದ ಡಬ್ಬ್ಯಾಗ ಇಟ್ಟು ತರ್ತೀನಿ. ಯಾರಿಗಿ ಗೊತ್ತಾಗತೈತಿ?"

ನನಗೆ ಆಸೆಯಾಗಲಿಲ್ಲ ಎಂದರೆ ಅದೇ ಸುಳ್ಳಾದೀತು. ಆದರೆ ಕದ್ದು ತಂದ ತತ್ತಿಯಿಂದ ಬರೆದ ಮುಖ ನಾಳೆ ನನ್ನನ್ನು ನೋಡಬೇಕಲ್ಲ, ನನ್ನ ಮೊಮ್ಮಗಳನ್ನೂ ನೋಡಬೇಕಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ತಿರುಗಲೂ ಅವಳೇ ಕಾಲು ಎತ್ತಿ ಇಡಬೇಕಾಯಿತು.

ಮರುದಿನ ಅಕ್ಕಾರು ಉಂಡಿ ತಂದಾಗ ಬಾಯಿ ಬಿಟ್ಟು ಕೇಳಿಯೇಬಿಟ್ಟೆ.

ಅವರು ಹಲಗೆ ನೋಡಿದರು. ಕೆಸರಿನ ಮುಖ ನೋಡಿದರು. "ದೇವರ ಮಾರಿಗಿ ತತ್ತಿ ಬಡೀತೀರಿ?" ಎಂದರು. ಸಿಟ್ಟಿನ ದನಿಯಲ್ಲ, ನೋವಿನದು. ಉಂಡಿಯ ತಾಟು ಅಲ್ಲೇ ಇಟ್ಟು ಇಳಿದು ಹೋದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಉಸಿರು ಕಟ್ಟುತ್ತದೆ. ಅಕ್ಕಾರು ಮೇಲೆ ಬರಲಿಲ್ಲ. ಕೂಸಿನ ಕಣ್ಣಿಗೆ ಕಾಡಿಗೆ ಇಲ್ಲ. ಕೆಳಗೆ ಅವರ ಪಾತ್ರೆಯ ಸಪ್ಪಳ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಗಳು ಪರದೆ ಸರಿಸಿ ನನ್ನನ್ನು ನೋಡಿದಳು. "ಯಪ್ಪಾ, ಕೇಳದ ಇದ್ದಿದ್ರ ಚಲೋ ಇತ್ತು. ಮನಿ ಬಿಡ್ರಿ ಅಂದ್ರ ಈ ಹಸಗೂಸ ತಗೊಂಡು ಎಲ್ಲಿ ಹೋಗೂದು?" ಎಂದಳು. ಎದ್ದು ಹೊರಗೆ ಹೋಗಿ ಒಂದು ಬೀಡಿ ಸೇದಿ ಬರುವಂತಿಲ್ಲ, ಕೆಳಗಿಳಿದು ಅಕ್ಕಾರ ಕಾಲಿಗೆ ಬೀಳುವಂತಿಲ್ಲ, ಹಲಗೆ ಮುಗಿಸುವಂತಿಲ್ಲ, ಬಿಡುವಂತಿಲ್ಲ. ಪ್ಲಾಸ್ಟರಿನ ಒಳಗೆ ತುರಿಸುತ್ತಿತ್ತು, ಬ್ರಷ್ಷಿನ ಹಿಡಿಕೆ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ಆ ಬ್ರಷ್ಷಿಗೆ ಸಿಕ್ಕ ಕೆಲಸ ಅದೊಂದೇ.

ಒಂದು ಸಂಗತಿ ಮಾತ್ರ ನನ್ನನ್ನು ಉಳಿಸಿತು. ನನ್ನಾಕೆ ಸ್ನಾನದ ನೀರು ಕಾಯಿಸುವ ಹೊತ್ತಿಗೆ ಕೂಸನ್ನು ತಂದು ನನ್ನ ಎದೆಯ ಮೇಲೆ ಮಲಗಿಸುತ್ತಿದ್ದಳು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಆ ಗಂಟೂ ನನ್ನ ಹಾಗೆಯೇ, ಕೈ ಕಾಲು ಆಡಿಸುವಂತಿಲ್ಲ. ನಾನು ಅದರ ಮುಖ ನೋಡುತ್ತ ಬ್ರಷ್ಷಿಲ್ಲದೆಯೇ ಉಸಿರು ಬಿಟ್ಟು "ಯೇಸುವೇ, ಕರುಣೆ ತೋರು" ಅನ್ನುತ್ತಿದ್ದೆ. ನನ್ನ ಉಸಿರಿಗೆ ಅದರ ನೆತ್ತಿಯ ಕೂದಲು ಅಲುಗುತ್ತಿತ್ತು. ಅಯ್ಯೋ, ಆ ಸುಖವನ್ನು ಎಲ್ಲಿಟ್ಟುಕೊಳ್ಳಲಿ!

ಒಂದು ಬೆಳಿಗ್ಗೆ ಕೆಳಗಿನಿಂದ ಅಕ್ಕಾರ ದನಿ ಬಂತು. "ಏನ್ರಿ ಅಣ್ಣಾರ, ಕೇಳಸ್ತೈತೇನು? ನನ್ನ ಹೊಸ್ತಿಲದಾಗ ಆಗೂದಿಲ್ಲ. ಗೇಟಿನ ಹೊರಗ ಬೇವಿನ ಗಿಡದ ಕಟ್ಟಿ ನಂದಲ್ಲ, ಊರಿಂದು. ಅಲ್ಲಿ ಕೂತು ಮಾಡ್ಕೋರಿ. ಆದ್ರ ಆ ಹಲಗಿ ಮತ್ತ ಒಳಗ ಬರೂದಿಲ್ಲ."

ನಾನು ಕುಂಡೆಯ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರಿದೆ. ಪ್ಲಾಸ್ಟರ್ ಕಾಲು ಮುಂದೆ, ನಾನು ಹಿಂದೆ. ಅಳಿಯ ಕೆಳಗಿನಿಂದ ಕಾಲು ಹಿಡಿದಿದ್ದ. ನನ್ನಾಕೆ ಮೇಲಿನಿಂದ, "ಹಿಂಗ ಜಾರಗುಂಡಿ ಆಡಾಕ ಮೊಮ್ಮಗಳು ಹುಟ್ಟಬೇಕಾತು" ಎಂದು ನಗುತ್ತಿದ್ದಳು. ಬಾಗಿಲು ದಾಟಿ ಬಿಸಿಲು ಮುಖಕ್ಕೆ ಹೊಡೆದಾಗ ಕಣ್ಣಿಗೆ ಕತ್ತಲೆ ಕವಿಯಿತು.

ಅಳಿಯ ತಂದುಕೊಟ್ಟ ಊರುಗೋಲು ಊರಿಕೊಂಡು ಹೋಗಿ, ಬೇವಿನ ಕಟ್ಟೆಯ ಮೇಲೆ ಕೂತು, ಇಟ್ಟಂಗಿಹಾಳದಾಕೆಯಿಂದ ಕೊಂಡ ತತ್ತಿ ಒಡೆದೆ. ಬಿಳಿಯದನ್ನು ಸೋಸಿ, ಹಳದಿಯ ಉಂಡೆಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಒಣಗಿಸಿ, ಮೇಲಿನ ಪೊರೆ ಚಿವುಟಿ ಎತ್ತಿ ಒಳಗಿನ ರಸ ಬಟ್ಟಲಿಗೆ ಬಿಟ್ಟೆ. ಮಣ್ಣಿನ ಬಣ್ಣ ಕಲಸಿದೆ. ಮೊದಲು ಕತ್ತಲೆ. ಅದು ಹಲಗೆಯನ್ನು ಹಿಡಿದು ಕೂತಿತು, ಅಲುಗಲಿಲ್ಲ. ಮಧ್ಯಾಹ್ನ ಹೊತ್ತು ತಿರುಗುವ ತನಕ ಬರೆದು, ಬಟ್ಟಲು ತೊಳೆದು, ಕೈ ತೊಳೆದು, ಮತ್ತೆ ಕುಂಡೆಯ ಮೇಲೆಯೇ ಹಿಮ್ಮುಖವಾಗಿ ಮೆಟ್ಟಿಲು ಹತ್ತಿದೆ. ಹಲಗೆಯನ್ನು ಗೇಟಿನ ಹೊರಗೋಡೆಯ ಮೀಟರ್ ಗೂಡಿನಲ್ಲಿಟ್ಟೆವು. ದಿನವೂ ಹೀಗೇ ನಡೆಯಿತು. ಮರಿಯಮ್ಮನೂ ಮಗುವೂ ಕರೆಂಟಿನ ಮೀಟರಿನ ಪಕ್ಕ, ಜಾಳಿಗೆಯ ಬಾಗಿಲ ಹಿಂದೆ ನಿಂತರು.

ಗೇಟು ದಾಟಿದಾಗಲೆಲ್ಲ ಅಕ್ಕಾರ ಕಣ್ಣು ಆ ಗೂಡಿನ ಮೇಲೆ ಬೀಳುತ್ತಿತ್ತು. ಹಲಗೆಯ ಮೇಲಿನ ಮುಖದಲ್ಲಿ ದಿನದಿನಕ್ಕೆ ಬೆಳಕು ಏರುತ್ತಿತ್ತು, ಮೊದಲು ಹಣೆಗೆ, ಆಮೇಲೆ ಮೂಗಿಗೆ, ಆಮೇಲೆ ಮಗುವಿನ ಕೆನ್ನೆಗೆ. ಹಾಲು ತರಲು ಹೊರಟವರು ನಿಂತು ನೋಡಿ ಹೋಗುತ್ತಿದ್ದರು. ಒಂದು ದಿನ ಕಟ್ಟೆಯ ಹತ್ತಿರ ಬಂದು ನಿಂತರು. ನನ್ನಾಕೆ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿದ್ದಳು.

"ಅಣ್ಣಾರ, ಹಸಗೂಸಿನ ತಾಯಿನ್ನ ಹಿಂಗ ಮನಿ ಹೊರಗ ನಿಲ್ಲಿಸೂದು ನನಗ ಚಲೋ ಅನ್ಸವಲ್ದು. ರಾತ್ರಿ ನಿದ್ದಿ ಹತ್ತವಲ್ದು" ಎಂದರು.

ನನ್ನಾಕೆ ಏನೋ ಹೇಳಲು ಬಾಯಿ ತೆರೆದಳು. ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಕ್ರಿಸ್ಮಸ್ಸಿನಲ್ಲಿ ಪ್ರತಿ ವರ್ಷ ಕೇಳುವ, ದಿನ ತುಂಬಿದ ಮರಿಯಮ್ಮನಿಗೆ ಊರಲ್ಲಿ ಯಾರೂ ಮನೆಯೊಳಗೆ ಜಾಗ ಕೊಡದ ಕಥೆ. ಊರುಗೋಲಿನಿಂದ ಅವಳ ಕಾಲು ತಟ್ಟಿದೆ. ಬಾಯಿ ಮುಚ್ಚಿದಳು.

ಅಕ್ಕಾರು ತಮ್ಮ ಹಣೆ ತೋರಿಸಿದರು. "ಇದನ್ನ ಯಾತರಿಂದ ಮಾಡ್ತಾರ, ಹೇಳ್ರಿ."

"ಸಗಣಿಯಿಂದ್ರಿ ಅಕ್ಕಾರ."

"ನಾ ಮಾರಿಗಿ ಸಗಣಿ ಹಚ್ಕೊಂಡೀನೇನು?"

"ಇಲ್ರಿ, ಛೇ. ವಿಭೂತಿ ಅಲ್ರಿ ಅದು."

"ಹೌದಲ್ಲ? ಸುಟ್ಟ ಮ್ಯಾಲ ಅದು ಸಗಣಿ ಅಲ್ಲ. ಮುಂಜಾನಿ ಹಚ್ಕೊಳ್ಳಾಗ ತಲ್ಯಾಗ ಬಂತು. ನಿಮ್ಮದೂ ಹಂಗ. ಒಣಗೂ ಮಟ ತತ್ತಿ. ಒಣಗಿದ ಮ್ಯಾಲ ದೇವ್ರು. ಆದ್ರ ಒಣಗೇತೋ ಇಲ್ಲೋ, ಅದನ್ನ ನೋಡಾಕಿ ನಾ."

ಈ ಬಣ್ಣ ಮುಟ್ಟುವಷ್ಟು ಒಣಗುವುದಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಡ. ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ದಿನವೂ ಸಂಜೆ ಅಕ್ಕಾರು ಗೂಡಿನ ಬಾಗಿಲು ತೆರೆದು, ಬೆರಳಿನ ಹಿಂಬದಿಯಿಂದ ಹಲಗೆಯ ಅಂಚು ಮುಟ್ಟಿ, ಬಗ್ಗಿ ಮೂಸಿ ತೀರ್ಪು ಕೊಡುತ್ತಿದ್ದರು. "ಇನ್ನಾ ತತ್ತಿ ಐತ್ರಿ." ಅದನ್ನು ಕೇಳಲು ನನ್ನಾಕೆ ಕಿಟಕಿಯ ಒಂದು ಬಾಗಿಲು ತೆರೆದು ಕಾಯುತ್ತಿದ್ದಳು. ಹಾಗೆ ನಮ್ಮ ಕೋಣೆಗೆ ಒಂದಿಷ್ಟು ಗಾಳಿಯೂ ಬಂತು. ಉಂಡಿಯೂ ಬಂತು, ಕಾಡಿಗೆಯೂ ಬಂತು.

ಕೊನೆಯದು ಕಣ್ಣು. ಕಟ್ಟೆಯ ಮೇಲೆ ಕೂತು, ಉಸಿರು ಬಿಡುತ್ತ, ಎಂಟಾಣೆ ತೂಕವೂ ಇಲ್ಲದ ಬ್ರಷ್ಷಿನಿಂದ ಕಣ್ಣಂಚಿಗೆ ಬಿಳಿ ಎಳೆ ಎಳೆದೆ. ಯೇಸುವೇ, ಕರುಣೆ ತೋರು. ಮೂಲೆಗೆ ಹೆಸರು ಬರೆಯಲು ಕೈ ಹೋಯಿತು, ಹಿಡಿದು ನಿಲ್ಲಿಸಿದೆ. ಹಲಗೆಯನ್ನು ಗೂಡಿನಲ್ಲಿಟ್ಟು ಮೇಲೆ ಹೋಗಿ ಕಾದೆ. ಮೊದಲ ಸಂಜೆ "ತತ್ತಿ ಐತಿ." ಎರಡನೆಯ ಸಂಜೆಯೂ ಹಾಗೆಯೇ. ಆಮೇಲೊಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಬರಿದೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದಾಗ, ಅಕ್ಕಾರು ಗೂಡು ತೆರೆದು ಮೂಸಿ, ಸೆರಗಿನ ತುದಿಯಿಂದ ಹಲಗೆ ಹಿಡಿದು ಹೊರತೆಗೆದರು.

"ಹೋಗೇತಿ. ನಡೀರಿ."

ನನ್ನಿಂದ ಹಲಗೆ ಹಿಡಿದು ಹತ್ತಲು ಆಗುವುದಿಲ್ಲ. ಅವರೇ ಎತ್ತಿಕೊಂಡರು. ಮೊದಲು ಅವರ ಹೊಸ್ತಿಲು ದಾಟಿತು, ಆಮೇಲೆ ಮೆಟ್ಟಿಲು. ನಾನು ಕುಂಡೆಯ ಮೇಲೆ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಏರುತ್ತಿದ್ದೆ. ಅವರು ನನ್ನ ಎದುರಿಗೆ, ಎದೆಗೆ ಹಲಗೆ ಒತ್ತಿ ಹಿಡಿದು ಒಂದೊಂದೇ ಮೆಟ್ಟಿಲು ಏರುತ್ತಿದ್ದರು. ನಾನು ನಿಂತಲ್ಲಿ ಅವರೂ ನಿಲ್ಲುತ್ತಿದ್ದರು. ಹಾಗಾಗಿ ಆ ಮೆಟ್ಟಿಲಿನುದ್ದಕ್ಕೂ ಮರಿಯಮ್ಮನ ಮುಖ ನನ್ನ ಮುಖದ ಮುಂದೆಯೇ ಇತ್ತು. ನಾನು ಬರೆದ ಕಣ್ಣು ನನ್ನನ್ನು ನೋಡುತ್ತಿತ್ತು. ಸಿಸ್ಟರ್ ಹೇಳಿದ್ದು ನನಗೆ ಅಲ್ಲಿಯವರೆಗೆ ಅರ್ಥವಾಗಿರಲಿಲ್ಲ ಎಂದು ಅಲ್ಲಿ, ಪ್ಲಾಸ್ಟರ್ ಕಾಲು ಚಾಚಿ ಕೂತು, ಅರ್ಥವಾಯಿತು.

"ಯಾಕ್ರಿ ಅಣ್ಣಾರ, ಅಳಾಕತ್ತೀರಲ್ಲ, ಕಾಲು ನೋವಾತೇನು?"

"ಹೌದ್ರಿ" ಎಂದೆ. ಹಲಗೆ ಮುಗಿದಿತ್ತು, ಅಷ್ಟು ಸುಳ್ಳು ನಡೆದೀತು.

ಒಳಗೆ ಮಗಳು ಕೂಸಿನ ಸುತ್ತು ಬಿಚ್ಚಿ ಮಲಗಿಸಿದ್ದಳು. ಅಕ್ಕಾರು ಪಕ್ಕದಲ್ಲಿ ಹಲಗೆ ಇಟ್ಟರು, ತಲೆಗೆ ತಲೆ ಸರಿಯಾಗಿ. ಎಲ್ಲರೂ ಬಗ್ಗಿ ನೋಡಿದೆವು. ಹಲಗೆ ಮುಗಿದ ಮೇಲೂ ಕೂಸು ಇನ್ನೂ ಇತ್ತು. ಹಿಮ್ಮಡಿ, ಪಾದ, ಬೆರಳು, ಎಲ್ಲ ಹಲಗೆಯ ಆಚೆ ಚಾಚಿಕೊಂಡಿದ್ದವು.

"ಬೆಳೆಯಂಗಿಲ್ಲ ಅಂದಿದ್ದಿ?" ಎಂದು ನಾನು ನನ್ನಾಕೆಯನ್ನು ಕೆಣಕಿದೆ.

"ನಾ ಎಲ್ಲಿ ಅಂದೀನ್ರಿ?" ಎಂದಳು, ಕಣ್ಣು ಒರೆಸಿಕೊಳ್ಳುತ್ತ.

"ಅಣ್ಣಾರ, ಹಲಗಿ ಸಾಲೂದಿಲ್ಲ. ಇನ್ನೊಂದು ತರಸ್ರಿ" ಎಂದರು ಅಕ್ಕಾರು. ಹೇಳಿ, ತಕ್ಷಣ ಏನೋ ಹೊಳೆದವರಂತೆ, "ಅಯ್ಯ ಶಿವನ, ಮತ್ತ ತತ್ತಿ!" ಎಂದು ಹಣೆ ಹೊಡೆದುಕೊಂಡರು.

ನನ್ನ ಪ್ಲಾಸ್ಟರ್ ತೆಗೆಯಲು ಇನ್ನೂ ದಿನಗಳಿದ್ದವು. ಮಗಳ ತಲೆಯ ಸ್ಕಾರ್ಫ್ ಇನ್ನೂ ಬಿಚ್ಚುವಂತಿರಲಿಲ್ಲ. ನಮ್ಮ ಮೂವರಲ್ಲಿ ಅಳತೆ ಮೀರಿ ಹೊರಗೆ ಕಾಲು ಚಾಚಿದವಳು ಈ ಮೊಮ್ಮಗಳೊಬ್ಬಳೇ. ಕಾಲು ಜಾಡಿಸಿದಳು. ಪುಟ್ಟ ಹಿಮ್ಮಡಿ ಬೇವಿನ ಹಲಗೆಯ ಅಂಚಿಗೆ ಟಕ್ ಎಂದು ಬಡಿಯಿತು. ಇನ್ನೊಮ್ಮೆ ಬಡಿಯಲಿ ಎಂದು ನಾವೆಲ್ಲ ಬಗ್ಗಿಕೊಂಡೇ ಕಾದೆವು.